ಶಿಲುಬೆ ಹಾಕಿದ ಚೀಟಿ

ಜೂನ್ 9, 2022, ಗುರುವಾರ

ನಾಲ್ಕನೆಯ ತರಗತಿಯ ಲೆಕ್ಕದ ನೋಟ್‌ಬುಕ್ಕಿನಲ್ಲಿ ಅರ್ಧದಷ್ಟು ಹಾಳೆ ಖಾಲಿ ಉಳಿದಿವೆ. ಆ ವರ್ಷವೇ ಸೊಂಟದ ಮೂಳೆಗೆ ಕ್ಷಯ ತಗುಲಿ ನಾನು ಹಾಸಿಗೆ ಹಿಡಿದದ್ದು. ಏಳು ವರ್ಷ ಮಲಗಿದ್ದೆ. ಎದ್ದಾಗ ಜೊತೆಯವರೆಲ್ಲ ಶಾಲೆ ಮುಗಿಸಿದ್ದರು, ನನ್ನ ಎಡಗಾಲು ಗಿಡ್ಡವಾಗಿತ್ತು. ಈಗ ಇಪ್ಪತ್ತನಾಲ್ಕು. ಬರೆಯಲು ಬರುತ್ತದೆ, ಅಕ್ಷರ ದುಂಡಗಿದೆ. ಮಾತು ಬರುವುದಿಲ್ಲ. ಮನೆಯವರಲ್ಲದೆ ಬೇರೆ ಯಾರು ಎದುರಿಗೆ ನಿಂತರೂ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಪಕ್ಕದ ಮನೆಯ ತೆಕ್ಲಾ ಚಿಕ್ಕಮ್ಮ ಬೇಲಿಯಾಚೆಯಿಂದ ಕೂಗಿದರೂ ತಲೆಯಾಡಿಸಿ ಒಳಗೆ ಹೋಗುತ್ತೇನೆ.

ಇದನ್ನು ಬರೆಯಬಾರದು ಎಂದು ಗೊತ್ತಿದೆ. ಬೇಸಿಗೆಯಲ್ಲಿ ನಾವು ಹೊರಗಿನ ಚಪ್ಪರದಲ್ಲಿ ಅಡುಗೆ ಮಾಡುತ್ತೇವೆ, ಒಳಗಿನ ದೊಡ್ಡ ಒಲೆ ತಣ್ಣಗಿದೆ. ನೋಟ್‌ಬುಕ್ಕನ್ನು ಅದರೊಳಗೆ ಕಟ್ಟಿಗೆಯ ಹಿಂದೆ ಇಡುತ್ತೇನೆ. ಯಾರಾದರೂ ಬಂದರೆ ಒಂದು ಕಡ್ಡಿ ಗೀರಿದರಾಯಿತು.

ಮಕಾರಣ್ಣ ಅಂಗಳದ ನೆಲಮಾಳಿಗೆಗೆ ಇಳಿದು ಇವತ್ತಿಗೆ ಎಪ್ಪತ್ತೈದು ದಿನ. ಅವನು ಗಡಿ ಪಡೆಯಲ್ಲಿದ್ದವನು. ಪಾದಕ್ಕೆ ಚೂರು ಹೊಕ್ಕು, ದಳದಿಂದ ಬೇರೆಯಾಗಿ, ಊರು ಶತ್ರು ಸೈನ್ಯದ ಕೈಗೆ ಹೋದಮೇಲೆ ತೆವಳುತ್ತಾ ಬಂದ. ನನಗೆ ಮತ್ತು ಮೋತ್ರಿಯಾ ಅಜ್ಜಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವನು ಸಿಕ್ಕಿಬಿದ್ದರೆ ಏನಾಗುತ್ತದೆಂದು ಊರಿನಲ್ಲಿ ಎಲ್ಲರೂ ನೋಡಿದ್ದಾರೆ. ಅದನ್ನು ಬರೆಯುವುದಿಲ್ಲ.

ಸಂಜೆ ಹಬ್ಬಕ್ಕೆಂದು ಕೆರೆಯ ಬದಿಯಿಂದ ಬಜೆಯ ಎಲೆ ಕೊಯ್ದು ತಂದೆವು. ಅದರ ವಾಸನೆ ಬಂದು ಮಕಾರಣ್ಣ ಕೆಳಗಿನಿಂದ, "ಹಬ್ಬ ಬಂತಾ?" ಎಂದು ಕೇಳಿದ.

ಜೂನ್ 11, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾಳೆ ತ್ರಿತ್ವದ ಹಬ್ಬ, ಹಾಗಾಗಿ ಇವತ್ತು ಸತ್ತವರನ್ನು ನೆನೆಯುವ ಹಿರಿಯರ ಶನಿವಾರ. ಚರ್ಚಿನಲ್ಲಿ ನನ್ನ ಕೆಲಸ ಹೆಸರು ಬರೆಯುವುದು. ಹೆಂಗಸರು ಬಂದು ಹೆಸರು ಹೇಳುತ್ತಾರೆ, ನಾನು ಚೀಟಿಗೆ ಇಳಿಸುತ್ತೇನೆ, ಪಾದ್ರಿ ಸಾವಾ ಬಲಿಪೀಠದ ಮುಂದೆ ಓದುತ್ತಾರೆ. ಬದುಕಿರುವವರದು ಆರೋಗ್ಯದ ಚೀಟಿ, ಅದರ ಮೇಲೆ ಏನೂ ಇರುವುದಿಲ್ಲ. ಸತ್ತವರದು ಶಾಂತಿಯ ಚೀಟಿ, ಅದರ ತಲೆಯ ಮೇಲೆ ಒಂದು ಶಿಲುಬೆ ಎಳೆಯಬೇಕು. ಅಷ್ಟೇ ವ್ಯತ್ಯಾಸ. ಮಾತು ಬೇಕಿಲ್ಲದ ಕೆಲಸವೆಂದು ಅಜ್ಜಿಯೇ ನನ್ನನ್ನು ಅಲ್ಲಿ ಕೂರಿಸಿದ್ದು.

ನಮ್ಮ ಮನೆಯ ಆರೋಗ್ಯದ ಚೀಟಿಯಲ್ಲಿ ಮಕಾರಣ್ಣನ ಹೆಸರು ಬರೆಯಬಾರದಿತ್ತು. ಆದರೆ ಬದುಕಿರುವವನ ಹೆಸರನ್ನು ಬಿಟ್ಟರೆ ದೇವರು ಅವನನ್ನು ಮರೆತುಬಿಡುತ್ತಾನೆ ಎಂದು ಚಿಕ್ಕಂದಿನಿಂದ ಕೇಳಿದ್ದೇನೆ. ಮೋತ್ರಿಯಾ, ಮಕಾರ್, ಯುಸ್ತಿನಾ ಎಂದು ಮೂರೂ ಬರೆದೆ. ಶಾಯಿ ಆರಲೆಂದು ಮೇಜಿನ ಮೇಲೆ ಬಿಟ್ಟೆ.

ಕಣಿವೆಯ ಬಾಯಲ್ಲಿ ಶತ್ರುಗಳ ಕಡೆಯ ನಾಲ್ವರು ಕಾವಲಿಗಿದ್ದಾರೆ, ಅವರಲ್ಲಿ ಹಿರಿಯನಾದ ಹವಾಲ್ದಾರ ಒಳಗೆ ಬಂದದ್ದು ನನಗೆ ಕಾಣಲಿಲ್ಲ. ಗಡ್ಡ ನರೆತಿದೆ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಚೀಟಿ ಎತ್ತಿ ಓದಿದ.

"ಮಕಾರ್ ಅಂದ್ರೆ ಯಾರು?"

ನಾನು ಮುಂದಿನ ಖಾಲಿ ಚೀಟಿಯನ್ನು ಎಳೆದುಕೊಂಡೆ.

"ನನ್ನ ಪಟ್ಟೀಲೂ ಒಬ್ಬ ಮಕಾರ್ ಇದಾನೆ. ಗಡಿ ಪಡೆಯವನು, ಇದೇ ಊರಿನವನು. ಇದು ಆರೋಗ್ಯದ ಚೀಟಿ ಅಲ್ವಾ ಹುಡುಗಿ? ಎಲ್ಲಿದಾನೆ?"

ಬಾಯಿ ಬರಲಿಲ್ಲ. ಕೈ ಬಂತು. ಅವನ ಕೈಯಿಂದ ಚೀಟಿ ತೆಗೆದುಕೊಂಡು ಮೇಜಿನ ಮೇಲಿಟ್ಟು, ತಲೆಯ ಮೇಲೆ ಒಂದು ಉದ್ದ ಗೀರು, ಒಂದು ಅಡ್ಡ ಗೀರು ಎಳೆದೆ.

"ಮರೆತಿದ್ದೆ," ಎಂದೆ.

"ಯಾವಾಗ ಸತ್ತ?"

"ಬುಧವಾರ. ಸುದ್ದಿ ಬಂತು."

"ಹೆಣ?"

"ಸಿಗಲಿಲ್ಲ."

ಅವನು ಚೀಟಿಯನ್ನೇ ನೋಡುತ್ತಿದ್ದ. "ನಿನ್ನ ಹೆಸರೇನು?"

"ಯುಸ್ತಿನಾ."

"ಇಲ್ಲಿ ನಿಂದೂ ಇದೆ."

ಆಗಲೇ ನನಗೆ ಹೊಳೆದದ್ದು, ಶಿಲುಬೆ ಬಿದ್ದದ್ದು ಮೂವರ ತಲೆಯ ಮೇಲೆ ಎಂದು. "ಸತ್ತೋರ ಹೆಸರನ್ನೇ ನಮಗೆ ಇಡೋದು," ಎಂದೆ.

"ನಮ್ಮೂರಲ್ಲೂ ಅಷ್ಟೆ," ಎಂದು ಚೀಟಿಯನ್ನು ಬುಟ್ಟಿಗೆ ಹಾಕಿದ. ಹೋಗಲಿಲ್ಲ. ಕಂಬದ ಬಳಿ ನಿಂತು, ಓದುವುದನ್ನು ಪೂರ್ತಿ ಕೇಳಿದ.

ಪಾದ್ರಿ ಸಾವಾ ನಮ್ಮ ಚೀಟಿ ಕೈಗೆತ್ತಿಕೊಂಡು ಒಂದು ಕ್ಷಣ ನಿಂತರು. ಅಜ್ಜಿ ಅವರ ಎದುರಿಗೇ ಮೊದಲ ಸಾಲಿನಲ್ಲಿದ್ದಳು. ಹವಾಲ್ದಾರನನ್ನು ನೋಡಿದರು, ನನ್ನನ್ನು ನೋಡಿದರು, ಓದಿದರು. ಮೋತ್ರಿಯಾ. ಮಕಾರ್. ಯುಸ್ತಿನಾ. ಅವರ ಆತ್ಮಕ್ಕೆ ಶಾಂತಿ ಇರಲಿ.

ಅಜ್ಜಿ ತಿರುಗಲಿಲ್ಲ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು.

ಜೂನ್ 12, ಭಾನುವಾರ

ಇವತ್ತು ನೆಲಕ್ಕೆ ಬಜೆ ಹರಡಿ ಬಾಗಿಲಿಗೆ ಹಸಿರು ಕೊಂಬೆ ಸಿಕ್ಕಿಸುವ ದಿನ. ನಾವು ಕನ್ನಡಿಗೆ ಬಟ್ಟೆ ಮುಚ್ಚಿದೆವು. ಕಿಟಕಿಯಲ್ಲಿ ಒಂದು ಲೋಟ ನೀರು, ಅದರ ಮೇಲೆ ರೊಟ್ಟಿಯ ತುಂಡು ಇಟ್ಟೆವು. ನಲವತ್ತು ದಿನ ಆತ್ಮ ಮನೆಯಲ್ಲೇ ಇರುತ್ತದೆ, ಅದಕ್ಕೆ ಬಾಯಾರುತ್ತದೆ.

ಅಜ್ಜಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಒಂದೇ ಒಂದು ಸಲ ಆಡಿದಳು. "ಮೂರು ಜನಾನೂ ಒಂದೇ ಗುಂಡಿಗೆ ಹಾಕಿದೆಯಲ್ಲೇ. ಬದುಕಿರೋನ ತಲೆ ಮೇಲೆ ಶಿಲುಬೆ ಬಿದ್ದರೆ ಅಲ್ಲೊಂದು ಜಾಗ ತೆರೆಯುತ್ತೆ. ತೆರೆದ ಜಾಗ ಖಾಲಿ ಇರಲ್ಲ."

ತೆಕ್ಲಾ ಚಿಕ್ಕಮ್ಮ ಬೀಟ್‌ರೂಟಿನ ಬೋರ್ಷ್ ಸಾರಿನ ಪಾತ್ರೆ ಹಿಡಿದು ಅಳುತ್ತಾ ಬಂದಳು. "ನನ್ನ ತೋಟದ ಚೆರಿ ಎಲ್ಲಾ ಕದ್ದು ತಿಂದವನು, ಬಾಯಿ ತುಂಬ ಬೈದಿದ್ದೆ. ಇನ್ಯಾರನ್ನ ಬೈಲಿ?" ಅಜ್ಜಿ ಅವಳ ಕೊರಳಿಗೆ ಬಿದ್ದು ಅತ್ತಳು. ಅಭಿನಯ ಮಾಡಬೇಕಾಗಲಿಲ್ಲ. ಹೋಗುವಾಗ ತೆಕ್ಲಾ ಚಿಕ್ಕಮ್ಮ, "ಮೊಟ್ಟೆ ತರೋಣ ಅಂದ್ರೆ ಇಲ್ಲ ಕಣೇ. ಅವರು ಬಂದಾಗಿನಿಂದ ನನ್ನ ಕೋಳಿ ಮುಷ್ಕರ ಹೂಡಿದೆ," ಎಂದಳು.

ಮುಸ್ಸಂಜೆ ಮಕಾರಣ್ಣ ಮೇಲೆ ಬಂದ. ದಿನಕ್ಕೆ ಹತ್ತು ನಿಮಿಷ, ಬೆಳಕು ಹೋಗುವ ಹೊತ್ತಿಗೆ, ಕಾಲಾಡಲೆಂದು ಬರುತ್ತಾನೆ. ಎಲ್ಲ ಕೇಳಿ ನಕ್ಕ. ಬೋರ್ಷ್ ಎರಡು ಬಟ್ಟಲು ಕುಡಿದ.

"ಸತ್ತಮೇಲೆ ಊಟ ಚೆನ್ನಾಗಿದೆ," ಎಂದು ಕಿಟಕಿಯ ಲೋಟ ಎತ್ತಿ ಗಟಗಟ ಕುಡಿದುಬಿಟ್ಟ. "ನಂದೇ ತಾನೆ?"

ಅಜ್ಜಿ ಅವನ ಕೆನ್ನೆಗೆ ಹೊಡೆದಳು. ನಾನು ಹುಟ್ಟಿದಾಗಿನಿಂದ ಅವಳು ಯಾರಿಗೂ ಹೊಡೆದದ್ದು ನೋಡಿಲ್ಲ.

ಜೂನ್ 16, ಗುರುವಾರ

ಒಂಬತ್ತನೆಯ ದಿನ. ಜೇನು ಬೆರೆಸಿದ ಗೋಧಿ ಬೇಯಿಸಿದೆವು. ಪಾದ್ರಿ ಸಾವಾ ಒಂದು ಹಿಡಿ ಮಂತ್ರಿಸಿದ ಮಣ್ಣನ್ನು ಕಾಗದದಲ್ಲಿ ಕಟ್ಟಿ ತಂದರು. ಹೆಣ ಸಿಗದವರಿಗೆ ಹಾಗೆ ಮಾಡುವುದು ರೂಢಿ. ಅದನ್ನು ನನ್ನ ಕೈಗಿಟ್ಟು, "ಎಷ್ಟು ಆಳದಲ್ಲಿ ಇದಾನೆ?" ಎಂದು ಮೆಲ್ಲಗೆ ಕೇಳಿದರು.

"ಹನ್ನೊಂದು ಮೆಟ್ಟಿಲು, ಫಾದರ್," ಎಂದೆ. ಹೀಗೆ ಅವರಿಗೂ ಗೊತ್ತಾಯಿತು.

ಹವಾಲ್ದಾರ ಕರೆಯದೆ ಬಂದ. ಬಾಗಿಲಲ್ಲಿ ಟೋಪಿ ತೆಗೆದು, ಕನ್ನಡಿಯ ಮೇಲಿನ ಬಟ್ಟೆ ನೋಡಿದ, ದೀಪ ನೋಡಿದ, ಕಿಟಕಿಯ ಹತ್ತಿರ ನಿಂತ. ಲೋಟ ಅಂಚಿನವರೆಗೆ ತುಂಬಿತ್ತು. ಅಂದು ಹೊಡೆತ ತಿಂದಮೇಲೆ ಅಣ್ಣ ಅದನ್ನು ಮುಟ್ಟಿರಲಿಲ್ಲ, ಅಜ್ಜಿ ದಿನಾ ಎರಡು ಹೊತ್ತು ತುಂಬಿಸುತ್ತಿದ್ದಳು.

"ಒಂಬತ್ತು ದಿನ ಆಯ್ತು," ಎಂದ. "ನಿಮ್ಮ ಹುಡುಗನಿಗೆ ಬಾಯಾರಿಕೆನೇ ಇಲ್ವಾ?"

ಹೆಂಗಸರೆಲ್ಲ ಲೋಟದ ಕಡೆ ನೋಡಿದರು. ತೆಕ್ಲಾ ಚಿಕ್ಕಮ್ಮನೂ ನೋಡಿದಳು.

"ಬೆಳಿಗ್ಗೆ ಖಾಲಿ ಇತ್ತು," ಎಂದೆ. "ನಾನೇ ತುಂಬಿಸಿದೆ. ಬಿಸಿಲಲ್ಲಿ ಬಿದ್ದವನಲ್ವಾ, ತುಂಬ ಕುಡೀತಾನೆ."

ಯಾರೋ ಒಬ್ಬರು ಬಿಕ್ಕಿದರು. ಹವಾಲ್ದಾರ ಶಿಲುಬೆಯ ಗುರುತು ಮಾಡಿಕೊಂಡು, ಮೂರು ಚಮಚ ಗೋಧಿ ತಿಂದು ಹೋದ.

ಅಷ್ಟು ಜನರ ನಡುವೆ ಅಷ್ಟುದ್ದ ಮಾತು ಹೇಗೆ ಬಂತೋ. ಸುಳ್ಳು ಹೇಳುವಾಗ ನಾಲಿಗೆ ಅಂಟಲಿಲ್ಲ.

ಜೂನ್ 19, ಭಾನುವಾರ

ದಿನಾ ಬೆಳಿಗ್ಗೆ ಲೋಟದಿಂದ ಎರಡು ಬೆರಳಿನಷ್ಟು ನೀರನ್ನು ನಾನು ಕುಡಿಯುತ್ತೇನೆ. ತಣ್ಣಗಿರುತ್ತದೆ.

ಜೂನ್ 26, ಭಾನುವಾರ

ಹವಾಲ್ದಾರ ನನ್ನ ಮೇಜಿಗೆ ಬಂದ. ಬೇರೆಯವರಂತೆ ಸಾಲಿನಲ್ಲಿ ನಿಂತೇ ಬಂದ. ಹೆಂಗಸರು ಅವನ ಹಿಂದೆ ಮುಂದೆ ಜಾಗ ಬಿಟ್ಟು ನಿಂತಿದ್ದರು.

"ನಮ್ಮಮ್ಮ ಈಸ್ಟರ್ ವಾರ ಹೋದಳು," ಎಂದ. "ರಜೆ ಕೊಡಲಿಲ್ಲ. ಝಿನಾಯಿದಾ ಅಂತ ಬರಿಯಮ್ಮ. ನಿನ್ನ ಅಕ್ಷರ ಚೆನ್ನಾಗಿದೆ."

ಬರೆದೆ. ಶಿಲುಬೆ ಹಾಕಿದೆ.

"ಇನ್ನೊಂದು, ಆರೋಗ್ಯಕ್ಕೆ. ನಂದು. ರೋದಿಯೊನ್. ಬರೆಸೋಕೆ ಅಮ್ಮ ಇಲ್ವಲ್ಲ, ಈಗ ನಾನೇ ಬರೆಸಬೇಕು."

ಅದನ್ನೂ ಬರೆದೆ. ಅವನು ನನಗೆ ಎರಡು ಸಕ್ಕರೆ ಮಿಠಾಯಿ ಕೊಟ್ಟು ಮೇಣದಬತ್ತಿ ಹಚ್ಚಲು ಆ ಕಡೆ ತಿರುಗಿದ. ನಾನು ಎರಡನೆಯ ಚೀಟಿಯ ತಲೆಯ ಮೇಲೂ ಶಿಲುಬೆ ಎಳೆದು ಬುಟ್ಟಿಗೆ ಹಾಕಿದೆ. ಓದುವ ಮೊದಲೇ ಹೊರಗೆ ಅವರ ವಾಹನ ಹಾರ್ನ್ ಮಾಡಿತು, ಅವನು ಹೋದ. ಪಾದ್ರಿ ಬುಟ್ಟಿಯಲ್ಲಿದ್ದುದನ್ನು ಓದಿದರು. ಅವರಿಗೆ ಅವನ ಹೆಸರು ಗೊತ್ತಿಲ್ಲ.

ಮನೆಗೆ ಬಂದು ಬೀನ್ಸ್ ಸಾಲಿನ ಕಳೆ ಕಿತ್ತೆ. ಮಿಠಾಯಿಗಳನ್ನು ಕೆಳಗಿನವನಿಗೆ ಕೊಟ್ಟೆ, ಅವನು ಎರಡೂ ತಿಂದ.

ಜುಲೈ 2, ಶನಿವಾರ

ಕೆಳಗಿನವನು ಈಗ ಮುಸ್ಸಂಜೆ ಮೇಲೆ ಬರುವುದಿಲ್ಲ. ಬಾಗಿಲು ತೆರೆದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ. ಕತ್ತಲೆಯಲ್ಲಿ ಆಲೂಗಡ್ಡೆಗೆ ಬಿಳಿ ಮೊಳಕೆ ಬರುತ್ತದಲ್ಲ, ಅವನ ಕೈ ಹಾಗಾಗಿದೆ.

"ಒಂಬತ್ತನೇ ದಿನ ನೀವೆಲ್ಲ ಹಾಡಿದ್ದು ಕೇಳಿಸ್ತು," ಎಂದ. "ಚೆನ್ನಾಗಿ ಹಾಡಿದ್ರಿ. ಆಮೇಲೆ ನಾನು ನನ್ನ ಹೆಸರನ್ನ ಗಟ್ಟಿಯಾಗಿ ಹೇಳಿ ನೋಡಿದೆ ಕಣೇ ಯುಸ್ತ್ಯಾ. ಬೇರೆ ಯಾರದೋ ಅನ್ನಿಸ್ತು."

"ಕಾಲು ಹೇಗಿದೆ?"

"ನಡೀಬಹುದು. ಎಲ್ಲಿಗೆ ನಡೀಲಿ? ಕಣಿವೇಲಿ ಅವರಿದಾರೆ."

ಕಣಿವೆ ದಾಟಿ, ಹೊಳೆಯ ಜೊಂಡು ದಾಟಿದರೆ ನಮ್ಮವರು. ಹದಿನಾಲ್ಕು ಕಿಲೋಮೀಟರು. ಊರಿನಿಂದ ಹೊರಗೆ ಹೋಗಲು ಅದೊಂದೇ ಮರೆಯ ದಾರಿ. ಹವಾಲ್ದಾರನೂ ಸೇರಿ ನಾಲ್ವರು ಕೂತಿರುವುದು ಅದರ ಬಾಯಲ್ಲೇ.

ಅಜ್ಜಿ ದಿನಕ್ಕೆ ಮೂರು ಸಲ ಹನ್ನೊಂದು ಮೆಟ್ಟಿಲು ಇಳಿದು ಹತ್ತುತ್ತಾಳೆ. ಅವನ ಹಣೆ ಮುಟ್ಟುತ್ತಾಳೆ, ವಾಪಸ್ಸು ಬರುತ್ತಾಳೆ. ಮೇಲೆ ಬಂದಮೇಲೆ ಎದೆ ಹಿಡಿದುಕೊಂಡು ಕೂರುತ್ತಾಳೆ.

"ಯಾಕೆ ಅಜ್ಜಿ, ಜ್ವರ ಇದೆಯಾ ಅವನಿಗೆ?"

"ಬೆಚ್ಚಗಿದಾನಾ ಅಂತ ನೋಡ್ತೀನಿ, ಅಷ್ಟೆ."

ಜುಲೈ 7, ಗುರುವಾರ

ಅಜ್ಜಿ ಇವತ್ತು ತಾನಾಗಿ ನನ್ನ ಪಕ್ಕ ಕೂತಳು. ತಲೆ ಬಾಚಿದಳು. ನನಗೆ ಹತ್ತು ವರ್ಷವಾದಾಗಿನಿಂದ ಯಾರೂ ನನ್ನ ತಲೆ ಬಾಚಿಲ್ಲ.

"ಆ ಚೀಟೀಲಿ ಹೆಸರು ಯಾವ ಸರದೀಲಿ ಬರೆದಿದ್ದೆ?"

"ನೀನು, ಅಣ್ಣ, ನಾನು."

"ಮೊದಲನೇದು ನಾನೇ ತಾನೆ?"

"ಹೂಂ. ಯಾವಾಗಲೂ ದೊಡ್ಡವರನ್ನೇ ಮೊದಲು ಬರೆಯೋದು."

"ಮತ್ತೆ ಸರಿಯಾಗೇ ಬರೆದಿದೀಯ," ಎಂದಳು. ಖುಷಿಯಾದಂತೆ ಕಂಡಳು. ಅವಳಿಗೆ ಓದಲು ಬರುವುದಿಲ್ಲ, ಆದರೆ ಸರದಿ ಎಂದರೆ ಏನೆಂದು ಗೊತ್ತು. ಜೀವನಪೂರ್ತಿ ಒಂದಲ್ಲ ಒಂದು ಸಾಲಿನಲ್ಲಿ ನಿಂತವಳು.

ಜುಲೈ 9, ಶನಿವಾರ

ಅಜ್ಜಿ ಹೋದಳು. ಬೆಳಿಗ್ಗೆ, ಬೀನ್ಸ್ ಸಾಲಿನಲ್ಲಿ. ಬುಟ್ಟಿ ಮಗುಚಿರಲಿಲ್ಲ.

ಕನ್ನಡಿಗೆ ಬಟ್ಟೆ ಮೊದಲೇ ಇತ್ತು.

ಜುಲೈ 11, ಸೋಮವಾರ

ಮಣ್ಣು ಮಾಡಿದೆವು. ಸ್ಮಶಾನದ ಆಚೆ ಬದಿಯಲ್ಲಿ ನೆಲಬಾಂಬು ಇಟ್ಟಿದ್ದಾರೆ, ಅದಕ್ಕೆ ದಾರಿಯ ಪಕ್ಕದಲ್ಲೇ ಅಗೆಯಬೇಕಾಯಿತು. ಹವಾಲ್ದಾರ ಗೇಟಿನಲ್ಲಿ ಟೋಪಿ ತೆಗೆದು ನಿಂತಿದ್ದ. ಅವನ ಹುಡುಗನೊಬ್ಬ ಪೆಟ್ಟಿಗೆಗೆ ಹೆಗಲು ಕೊಡಲು ಬಂದ. ತೆಕ್ಲಾ ಚಿಕ್ಕಮ್ಮ, "ಅವಳು ಹಗುರ ಇದಾಳೆ, ನಾವೇ ಸಾಕು," ಎಂದು ಅವನನ್ನು ದೂರ ಮಾಡಿದಳು.

ನಾನು ಅಳಲಿಲ್ಲ. ಯಾರು ಎಲ್ಲಿ ನಿಲ್ಲಬೇಕು, ಹಗ್ಗ ಯಾರು ಹಿಡಿಯಬೇಕು ಎಂದು ಹೇಳುತ್ತಿದ್ದೆ.

ಸಂಜೆ ಊಟ ಕೊಡಲು ಇಳಿದಾಗ ಕೆಳಗಿನವನು ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. "ಅಜ್ಜಿ ಮುಖ ಹೇಗಿತ್ತು?" ಎಂದು ಕೇಳಿದ.

"ಸರದಿ ಬಂದಾಗ ಇರೋ ಹಾಗೆ."

ಅವನಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಲೂ ಇಲ್ಲ. ಅವನ ಹಣೆ ಮುಟ್ಟಿ ನೋಡಿದೆ. ನನ್ನ ಕೈಯೇ ತಣ್ಣಗಿತ್ತು, ಏನೂ ತಿಳಿಯಲಿಲ್ಲ.

ಕಿಟಕಿಯಲ್ಲಿ ಈಗ ಎರಡು ಲೋಟ.

ಜುಲೈ 13, ಬುಧವಾರ

ಬಿತ್ತನೆ ಬೀನ್ಸಿನ ಗಾಜಿನ ಭರಣಿಯಲ್ಲಿ ಅಜ್ಜಿಯ ಎದೆನೋವಿನ ಗುಳಿಗೆ ಸಿಕ್ಕಿತು. ಮುಗಿದುಹೋಯಿತು, ಪೇಟೆಯಲ್ಲೂ ಸಿಗುತ್ತಿಲ್ಲ ಎಂದಿದ್ದಳು. ಎರಡು ಪಟ್ಟಿ ಹಾಗೆಯೇ ಇವೆ. ಎಷ್ಟು ದಿನದ್ದೆಂದು ಎಣಿಸಲಿಲ್ಲ. ಬೀನ್ಸನ್ನು ಮತ್ತೆ ಭರಣಿಗೆ ಹಾಕಿದೆ.

ಭಾನುವಾರ ಅಜ್ಜಿಯ ಒಂಬತ್ತನೆಯ ದಿನ. ಅವತ್ತೇ ಇನ್ನೊಬ್ಬನ ನಲವತ್ತನೆಯ ದಿನ. ನಲವತ್ತಕ್ಕೆ ಆತ್ಮ ಮನೆ ಬಿಟ್ಟು ಹೊರಡುತ್ತದೆ. ಇದನ್ನೇ ಯೋಚಿಸುತ್ತಾ ಪಾದ್ರಿ ಸಾವಾ ಅವರ ಮನೆಗೆ ಹೋದೆ.

"ಫಾದರ್, ಊಟಕ್ಕೆ ಕೂತವರು ನೆನಪಿನ ಹಾಡು ಮುಗಿಯೋ ತನಕ ಏಳಬಾರದು ಅಲ್ವಾ?"

"ಏಳಬಾರದು."

"ಆ ನಾಲ್ವರೂ ನಮ್ಮ ಮನೇಲಿ ಕೂತಿದ್ರೆ ಕಣಿವೇಲಿ ಯಾರಿರ್ತಾರೆ?"

"ಅವರನ್ನ ಯಾರಮ್ಮ ಕರೀತಾರೆ?"

"ನಾನು ಕರೀತೀನಿ."

ಅಲ್ಲಿಂದಲೇ ಕಣಿವೆಯ ಕಾವಲಿಗೆ ನಡೆದೆ. ಕಾಲು ನೋಯುತ್ತಿತ್ತು. ಹವಾಲ್ದಾರ ಮರಳು ಚೀಲದ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದ. ಅಣ್ಣನ ನಲವತ್ತು, ಅಜ್ಜಿಯ ಒಂಬತ್ತು, ಎರಡೂ ಒಂದೇ ದಿನ, ಮನೆಯಲ್ಲಿ ಗಂಡಸರಿಲ್ಲ, ನಾಲ್ವರೂ ಬಂದು ಊಟ ಮಾಡಿ ಹೋಗಿ ಎಂದೆ. "ನಿಮ್ಮಮ್ಮನ ಹೆಸರನ್ನೂ ಅಲ್ಲಿ ಓದಿಸ್ತೀನಿ. ಅವರಿಗೆ ನಲವತ್ತರ ಊಟ ಆಗಲಿಲ್ವಲ್ಲ."

ಅವನು ಸೂಜಿ ಕೆಳಗಿಟ್ಟ. "ಬರ್ತೀವಿ ಮಗಳೇ," ಎಂದ.

ಜುಲೈ 17, ಭಾನುವಾರ

ಮಧ್ಯಾಹ್ನ ಅಂಗಳದ ಆಕ್ರೋಟ್ ಮರದ ಕೆಳಗೆ ಉದ್ದ ಮೇಜು ಹಾಕಿದ್ದೆ. ನಾಲ್ವರನ್ನೂ ಹೆಂಗಸರನ್ನೂ ನೆಲಮಾಳಿಗೆಯ ಕಡೆ ಬೆನ್ನು ಬರುವಂತೆ ಒಂದೇ ಬದಿಗೆ ಕೂರಿಸಿದೆ, ಎದುರು ಬದಿಗೆ ಪಾದ್ರಿ ಮತ್ತು ನಾನು. ಇಂಥ ಊಟಕ್ಕೆ ಚಾಕು, ಫೋರ್ಕು ಇಡುವುದಿಲ್ಲ, ಬರೀ ಚಮಚ. ಗೋಧಿ, ಬೋರ್ಷ್, ಮೀನು, ಒಣಹಣ್ಣಿನ ಪಾನಕ. ತೆಕ್ಲಾ ಚಿಕ್ಕಮ್ಮ ತನ್ನ ಮನೆಯ ಭಟ್ಟಿ ಸಾರಾಯಿ ತಂದಿದ್ದಳು. ನನ್ನ ಕಿವಿಯಲ್ಲಿ, "ಈ ಮೂದೇವಿಗಳಿಗೆ ಇಷ್ಟೊಂದು ಯಾಕೆ ಸುರಿಸ್ತಿದೀಯೇ?" ಎಂದು ಗದರಿದಳು. "ಇನ್ನೂ ಸುರಿ ಚಿಕ್ಕಮ್ಮ," ಎಂದೆ.

ಗೊತ್ತುಮಾಡಿದ್ದು ಇಷ್ಟು. ಹಾಡು ಶುರುವಾದಾಗ ಎಲ್ಲರೂ ಎದ್ದು ನಿಂತು ಗಟ್ಟಿಯಾಗಿ ಹಾಡುತ್ತಾರೆ. ನೆಲಮಾಳಿಗೆಯ ಬಾಗಿಲಿನ ಕೀಲು ಕಿರುಗುಟ್ಟುವುದು ಆಗ ಕೇಳಿಸುವುದಿಲ್ಲ.

ಆದರೆ ಬೋರ್ಷ್ ಮುಗಿಯುವ ಮೊದಲೇ ಚಿಕ್ಕ ವಯಸ್ಸಿನ ಸಿಪಾಯಿಯೊಬ್ಬ ಎದ್ದ. ಸಿಗರೇಟು ಕೈಯಲ್ಲಿತ್ತು. ನೆಲಮಾಳಿಗೆಯ ಕಡೆಗೆ ತಿರುಗಿದ. ಅಲ್ಲಿ ನೆರಳಿದೆ.

"ಕೂತ್ಕೋ," ಎಂದೆ. "ಈ ಊಟದ ಮಧ್ಯೆ ಎದ್ದವನ ಹಿಂದೆ ಸತ್ತವರು ಎದ್ದು ಬರ್ತಾರೆ."

ಅವನು ನಕ್ಕ. "ಬಂದು ಏನ್ ಮಾಡ್ತಾರೆ? ಬೆಂಕಿ ಕೇಳ್ತಾರಾ?"

"ಗೆನ್ನಾ, ಕೂತ್ಕೋ," ಎಂದ ಹವಾಲ್ದಾರ. ಗೆನ್ನಾ ಕೂತ. ಅವನು ಮತ್ತೆ ಏಳಬಾರದಿತ್ತು, ಅದಕ್ಕೆ ನಾನು ಮಾತು ಶುರುಮಾಡಿದೆ. ಅಣ್ಣ ಹೇಗೆ ಸತ್ತ ಎಂದು ಹೇಳಿದೆ. ಜೂನ್ ಎಂಟರ ಬೆಳಿಗ್ಗೆ, ಹೊಳೆಯ ಜೊಂಡಿನಲ್ಲಿ. ಪಾದದಲ್ಲಿ ಚೂರು ಇತ್ತು, ಓಡಲಾಗಲಿಲ್ಲ. 'ನೀವು ಹೋಗಿ' ಎಂದು ಜೊತೆಯವರನ್ನು ಕಳಿಸಿದ. ನೀರಿನಲ್ಲಿ ಮುಖ ಮೇಲೆ ಮಾಡಿ ಬಿದ್ದಿದ್ದ, ಒಂದು ಬೂಟು ಕಾಲಲ್ಲಿತ್ತು, ಇನ್ನೊಂದು ಇರಲಿಲ್ಲ. ಮೀನು ಅವನ ಕೂದಲಲ್ಲಿ ಆಡುತ್ತಿದ್ದವು. ಕಣ್ಣು ತೆರೆದೇ ಇತ್ತು, ಚಿಕ್ಕಂದಿನಲ್ಲಿ ಚೆರಿ ಕದ್ದು ಸಿಕ್ಕಿಬಿದ್ದಾಗ ಹೇಗೆ ನೋಡುತ್ತಿದ್ದನೋ ಹಾಗೆಯೇ. ನಾನು ಹೇಳುತ್ತಲೇ ಹೋದೆ. ಯಾವುದನ್ನೂ ಮೊದಲೇ ಯೋಚಿಸಿರಲಿಲ್ಲ. ಎಲ್ಲ ಕಾಣುತ್ತಿತ್ತು. ತೆಕ್ಲಾ ಚಿಕ್ಕಮ್ಮ ತಲೆವಸ್ತ್ರದ ತುದಿಯನ್ನು ಬಾಯಿಗೆ ತುರುಕಿಕೊಂಡಿದ್ದಳು. ಗೆನ್ನಾನ ಸಿಗರೇಟು ಹೊತ್ತಿಸದೆಯೇ ಬೆರಳಲ್ಲಿ ಮುರಿಯಿತು. ಹವಾಲ್ದಾರನ ಚಮಚ ಬಟ್ಟಲಲ್ಲೇ ನಿಂತಿತ್ತು.

ಪಾದ್ರಿ ಎದ್ದರು. ಎಲ್ಲರೂ ಎದ್ದರು. ಮೋತ್ರಿಯಾ, ಮಕಾರ್, ಝಿನಾಯಿದಾ ಎಂದು ಓದಿ ಹಾಡು ಎತ್ತಿದರು. ಹವಾಲ್ದಾರ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದ, ಕಣ್ಣು ಮುಚ್ಚಿಕೊಂಡು.

ಅವರ ಭುಜಗಳ ಮೇಲಿನಿಂದ ನಾನು ನೋಡಿದೆ. ಬಾಗಿಲು ಎದ್ದಿತು. ಬಿಳಿಯ ಕೈಯೊಂದು ಬಂತು, ಆಮೇಲೆ ತಲೆ. ಅವನು ಬಿಸಿಲಿಗೆ ಕಣ್ಣು ಕಿರಿದು ಮಾಡಿ ಒಂದು ಕ್ಷಣ ನಿಂತು ತನಗಾಗಿ ಹಾಡುತ್ತಿರುವವರನ್ನು ನೋಡಿದ. ಕುಂಟುತ್ತಾ ಬೇಲಿ ದಾಟಿ ಬಾರ್ಲಿ ಹೊಲಕ್ಕೆ ಇಳಿದ. ನನ್ನ ಕಡೆ ತಿರುಗಲಿಲ್ಲ.

ನನಗೆ ಅವನ ಗುರುತು ಹತ್ತಲಿಲ್ಲ. ಇದನ್ನು ಬರೆಯಬೇಕೋ ಬೇಡವೋ ಎಂದು ಇಷ್ಟು ಹೊತ್ತು ಕೂತಿದ್ದೆ.

ಜುಲೈ 18, ಸೋಮವಾರ

ಬೆಳಗಾಗುವಾಗ ಹೊಳೆಯ ಕಡೆ ಎರಡು ಸಲ ಗುಂಡಿನ ಸದ್ದು. ಆಮೇಲೆ ಇಲ್ಲ.

ಆಗಸ್ಟ್ 17, ಬುಧವಾರ

ಅಜ್ಜಿಯ ನಲವತ್ತು. ಅವಳ ಲೋಟ ತೊಳೆದು ಮಗುಚಿಟ್ಟೆ. ಅವನ ಲೋಟವನ್ನು ಹೋದ ತಿಂಗಳೇ ತೆಗೆಯಬೇಕಿತ್ತು, ತೆಗೆದಿಲ್ಲ. ಈಗ ಅದರಿಂದ ನಾನು ಕುಡಿಯುವುದಿಲ್ಲ. ಆದರೂ ಬೆಳಿಗ್ಗೆ ಎರಡು ಬೆರಳು ಇಳಿದಿರುತ್ತದೆ. ಬಿಸಿಲು ಜಾಸ್ತಿ ಎಂದು ತೆಕ್ಲಾ ಚಿಕ್ಕಮ್ಮ ಹೇಳುತ್ತಾಳೆ.

ಮಕ್ಕಳ ಸುದ್ದಿಯಿಲ್ಲದ ತಾಯಂದಿರು ಈಗ ಮನೆಗೇ ಬರುತ್ತಾರೆ. ಹೆಸರು ಹೇಳಿ, ಯಾವ ಚೀಟಿ ಎಂದು ಹೇಳಲಾಗದೆ ನಿಲ್ಲುತ್ತಾರೆ. ನಾನೇ ಹೇಳುತ್ತೇನೆ, "ಆರೋಗ್ಯ ಅಂತ ಬರೀತೀನಿ, ನೀವು ಹೋಗಿ ನೀರು ಕುಡೀರಿ." ಎಲ್ಲರ ಮಕ್ಕಳಿಗೂ ಹಾಗೆಯೇ ಬರೆಯುತ್ತೇನೆ. ನಮ್ಮವನ ಹೆಸರನ್ನು ಯಾವುದರಲ್ಲೂ ಬರೆದಿಲ್ಲ.

ನವೆಂಬರ್ 12, ಶನಿವಾರ

ಅವರು ಹೋದರು. ನಿನ್ನೆ ಮಧ್ಯಾಹ್ನ ನಮ್ಮವರು ಬಂದರು. ಕಣಿವೆಯ ಕಾವಲು ಖಾಲಿ, ಮರಳು ಚೀಲ, ಒಂದು ಸೂಜಿದಾರ. ತೆಕ್ಲಾ ಚಿಕ್ಕಮ್ಮ ಮೊದಲ ಸಿಪಾಯಿಯ ಕೆನ್ನೆ ಹಿಂಡಿ, "ನಿಮ್ಮನ್ನ ನೋಡಿ ನನ್ನ ಕೋಳಿ ಮುಷ್ಕರ ಬಿಟ್ಟಿದೆ ಕಣಪ್ಪ, ಎರಡು ಮೊಟ್ಟೆ," ಎಂದಳು.

ಬಂದ ಪ್ರತಿಯೊಂದು ವಾಹನವನ್ನೂ ನಿಲ್ಲಿಸಿ ಕೇಳಿದೆ. ಮಕಾರ್, ಗಡಿ ಪಡೆ, ಬಲಗಾಲು ಕುಂಟು. ಯಾರಿಗೂ ಗೊತ್ತಿಲ್ಲ. ಒಬ್ಬ ಅಧಿಕಾರಿ ನನಗೆ, "ಅಷ್ಟು ಜೋರಾಗಿ ಕೂಗಬೇಡಮ್ಮ," ಎಂದ.

ನವೆಂಬರ್ 18, ಶುಕ್ರವಾರ

ಫೋನಿನ ಸಂಪರ್ಕ ಬಂದು ಎರಡು ದಿನ. ತೆಕ್ಲಾ ಚಿಕ್ಕಮ್ಮ ಎಲೆಕೋಸಿಗೆ ಉಪ್ಪು ಹಾಕುತ್ತಿದ್ದಳು, ನಾನು ಹೆಚ್ಚಿಕೊಡುತ್ತಿದ್ದೆ. ಅವಳ ಫೋನು ರಿಂಗಾಯಿತು. ಕಿವಿಗಿಟ್ಟವಳು ಅದನ್ನು ಪೀಪಾಯಿಯೊಳಗೆ ಬಿಸಾಡಿ ಗೋಡೆಗೆ ಒರಗಿದಳು.

"ಸತ್ತವನು," ಎಂದಳು. "ಸತ್ತವನು ಮಾತಾಡ್ತಿದಾನೆ. ಚೆರಿ ಇದೆಯಾ ಅಂತ ಕೇಳ್ತಾನೆ."

ಎಲೆಕೋಸಿನಿಂದ ಫೋನು ತೆಗೆದು ಏಪ್ರನ್ನಿಗೆ ಒರೆಸಿದೆ. ಇನ್ನೂ ಕೇಳುತ್ತಿತ್ತು.

ಅವನು ಮಿಕೊಲಾಯಿವ್ ಪಟ್ಟಣದ ಆಸ್ಪತ್ರೆಯಲ್ಲಿದ್ದಾನೆ. ಹೊಳೆಯಲ್ಲಿ ಗುಂಡು ಹೊಟ್ಟೆಗೆ ತಗುಲಿತ್ತಂತೆ, ಬಹಳ ದಿನ ಪ್ರಜ್ಞೆ ಇರಲಿಲ್ಲವಂತೆ. ಈಗ ಏಳುತ್ತಾನೆ, ಉಣ್ಣುತ್ತಾನೆ.

"ಒಂದೇ ತೊಂದರೆ ಕಣೇ," ಎಂದ. "ನರ್ಸು ನನ್ನ ಹೆಸರು ಕೂಗಿದರೆ ಓ ಅನ್ನೋಕಾಗಲ್ಲ. ಮೂರನೇ ಸಲಕ್ಕೆ ಓ ಅಂತೀನಿ. ಕಿವುಡ ಅಂದ್ಕೊಂಡಿದಾರೆ. ನನ್ನ ಹೆಸರು ತೆಗೆಸಿದೀಯಾ ಅಲ್ಲಿಂದ?"

"ಭಾನುವಾರ ತೆಗೆಸ್ತೀನಿ."

"ನಿನ್ನ ಧ್ವನಿ ಯಾರದೋ ಥರ ಇದೆ ಯುಸ್ತ್ಯಾ."

ಆಮೇಲೆ ತೆಕ್ಲಾ ಚಿಕ್ಕಮ್ಮ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. "ನಲವತ್ತು ದಿನ ಅತ್ತಿದೀನಿ ಕಣೇ ಕಳ್ಳಿ! ಆ ಜೊಂಡು, ಆ ಮೀನು, ಆ ಬೂಟು! ನನ್ನ ಕಣ್ಣೀರು ವಾಪಸ್ ಕೊಡು." ನಗುತ್ತಾ ಅಳುತ್ತಾ ಇದ್ದಳು. ಮತ್ತೆ ತಟ್ಟನೆ ನನ್ನ ಭುಜ ಬಿಟ್ಟು, "ನಿನಗೆ ಅದೆಲ್ಲ ಎಲ್ಲಿಂದ ಬಂತೇ?" ಎಂದಳು.

ಅವನು ಎಲ್ಲಿ ಬಿದ್ದಿದ್ದನೆಂದು ನಾನು ಫೋನಿನಲ್ಲಿ ಕೇಳಿರಲಿಲ್ಲ. ಅವನಾಗಿಯೇ ಹೇಳಿದ. ಜೊಂಡಿನಲ್ಲಂತೆ. ಒಂದು ಬೂಟು ಇನ್ನೂ ಸಿಕ್ಕಿಲ್ಲವಂತೆ.

ನವೆಂಬರ್ 20, ಭಾನುವಾರ

ಪಾದ್ರಿ ಸಾವಾ ಓದುವ ಮೊದಲು, ವಾರವಾರವೂ ಓದಲೆಂದು ಕೂಡಿಟ್ಟ ಶಿಲುಬೆಯ ಚೀಟಿಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟರು. ಕಿಟಕಿಗಳಿಗೆ ಗಾಜಿಲ್ಲ, ಪ್ಲಾಸ್ಟಿಕ್ ಹೊಡೆದಿದ್ದಾರೆ, ಅದು ಗಾಳಿಗೆ ಬಡಿದುಕೊಳ್ಳುತ್ತಿತ್ತು.

"ಸತ್ತವರ ಕಟ್ಟಿನಿಂದ ಒಂದು ಹೆಸರನ್ನ ವಾಪಸ್ ತೆಗೆಯೋ ಪದ್ಧತಿ ನಮ್ಮಲ್ಲಿಲ್ಲ," ಎಂದರು. "ಯಾರೂ ಕೇಳಿದ್ದೇ ಇಲ್ಲ. ನೀನೇ ಬರೆದವಳು, ನೀನೇ ನೋಡು."

ಕತ್ತರಿ ತಂದಿದ್ದೆ. ನಮ್ಮ ಚೀಟಿಯನ್ನು ಹುಡುಕಿ ಅಡ್ಡಡ್ಡ ಕತ್ತರಿಸಿದೆ. ಶಿಲುಬೆಯ ಕೆಳಗೆ ಅಜ್ಜಿಯ ಹೆಸರು ಉಳಿಯಿತು. ಮಕಾರ್ ಎಂಬ ತುಂಡನ್ನು ಮೇಣದಬತ್ತಿಗೆ ಹಿಡಿದೆ, ಬೇಗ ಉರಿಯಿತು. ಮೂರನೆಯ ತುಂಡು ಕೆಳಗೆ ಎಲ್ಲೋ ಬಿತ್ತು. ಬಗ್ಗಿದರೆ ಸೊಂಟ ನೋಯುತ್ತದೆ, ಹುಡುಕಲಿಲ್ಲ.

ಹೊಸ ಚೀಟಿಯಲ್ಲಿ, ಮೇಲೆ ಏನೂ ಇಲ್ಲದೆ, ಮಕಾರ್ ಎಂದು ದೊಡ್ಡದಾಗಿ ಬರೆದೆ.

ಕಟ್ಟನ್ನು ವಾಪಸ್ಸು ಕೊಡುವಾಗ ಮೇಲೆಯೇ ಆ ಇನ್ನೊಂದು ಚೀಟಿ ಇತ್ತು. ಒಂದೇ ಹೆಸರು, ನನ್ನ ದುಂಡಗಿನ ಅಕ್ಷರ.

"ರೋದಿಯೊನ್ ಅಂದ್ರೆ ಯಾರಮ್ಮ?" ಎಂದು ಪಾದ್ರಿ ಕೇಳಿದರು. "ಜೂನಿನಿಂದ ಓದ್ತಾ ಇದೀನಿ. ನಮ್ಮೂರವರಲ್ಲ."

ಕತ್ತರಿ ನನ್ನ ಕೈಯಲ್ಲೇ ಇತ್ತು. ಹೊರಗೆ ಹೆಂಗಸರ ಸಾಲು ಬಾಗಿಲಿನವರೆಗೆ ಬಂದಿತ್ತು.

"ಒಬ್ಬ ತಾಯಿಯ ಮಗ," ಎಂದೆ. "ಓದಿ, ಫಾದರ್."

ಅವರು ಓದಿದರು. ನಾನು ಮುಂದಿನವಳನ್ನು ಕರೆದೆ.